ಮಳೆನೀರು ಕೂಡಿಟ್ಟ ಕಲ್ಲಿನ ಊರು: ಸ್ಲೊವೇನಿಯದ ಶ್ಟಾನ್ಯೆಲ್

ಸ್ಲೊವೇನಿಯದ ಪಶ್ಚಿಮದ ಅಂಚಿನಲ್ಲಿ, ಇಟಲಿಯ ಗಡಿಗೆ ತೀರ ಹತ್ತಿರದಲ್ಲಿ, ಕ್ರಾಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ ಇದೆ. ಅದರ ಒಂದು ಮಗ್ಗುಲಿಗೆ ಟ್ರಿಯೆಸ್ತೆ ಕೊಲ್ಲಿಯ ಕಡಲು, ಇನ್ನೊಂದು ಮಗ್ಗುಲಿಗೆ ವಿಪಾವಾ ಕಣಿವೆ. ಪ್ರಸ್ಥಭೂಮಿ ಮುಗಿದು ಕಣಿವೆಯ ಕಡೆ ನೆಲ ಇಳಿಯತೊಡಗುವ ಜಾಗದಲ್ಲಿ 363 ಮೀಟರ್ ಎತ್ತರದ ತುರ್ನ್ ಗುಡ್ಡ ನಿಂತಿದೆ. ಆ ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಸಾಲಾಗಿ ಕಟ್ಟಿದ ಮನೆಗಳ ಊರೇ ಶ್ಟಾನ್ಯೆಲ್. ಇಂದು ಅಲ್ಲಿರುವವರು ಸುಮಾರು ನಾನೂರು ಮಂದಿ. ಆಡಳಿತದ ಲೆಕ್ಕದಲ್ಲಿ ಅದು ಕೋಮೆನ್ ಪುರಸಭೆಗೆ ಸೇರಿದ ಒಂದು ಹಳ್ಳಿ, ಅಷ್ಟೇ. ಆದರೆ ನೀರಿಲ್ಲದ ನೆಲದಲ್ಲಿ ಮನುಷ್ಯರು ಶತಮಾನಗಟ್ಟಲೆ ಹೇಗೆ ಬದುಕಿದರು ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಯೂರೋಪಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳು ಹೆಚ್ಚಿಲ್ಲ.

ಕ್ರಾಸ್ ಪ್ರದೇಶದ ಬಂಡೆ ಹುಟ್ಟಿದ್ದು ಸಮುದ್ರದ ತಳದಲ್ಲಿ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗದಲ್ಲಿ, ಇಲ್ಲಿ ಬೆಚ್ಚನೆಯ ಆಳವಿಲ್ಲದ ಕಡಲಿತ್ತು. ಚಿಪ್ಪುಜೀವಿಗಳ ಅವಶೇಷಗಳು, ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾದವು. ಆಮೇಲೆ ಭೂಮಿಯ ಒತ್ತಡಕ್ಕೆ ಆ ಪದರಗಳು ಮೇಲೆದ್ದು ಒಣನೆಲವಾದವು. ಕೋಮೆನ್ ಸುತ್ತಮುತ್ತ ಸಿಗುವ ಒಂದು ಬಗೆಯ ಸುಣ್ಣಕಲ್ಲು ತೆಳ್ಳನೆಯ ಹಲಗೆಗಳಾಗಿ ಬಿಡಿಸಿಕೊಳ್ಳುತ್ತದೆ. ಅದರ ಪದರಗಳ ನಡುವೆ ಕಲ್ಲಾಗಿ ಉಳಿದ ಮೀನುಗಳು ಸಿಗುವುದರಿಂದ ಭೂವಿಜ್ಞಾನಿಗಳಿಗೆ ಕೋಮೆನ್ ಹೆಸರು ಹಳೆಯ ಪರಿಚಯ. ಊರಿನವರಿಗೆ ಆ ಕಲ್ಲು ಬೇರೆ ಕಾರಣಕ್ಕೆ ಬೇಕಾಗಿತ್ತು: ಹಾಗೆ ಸುಲಭವಾಗಿ ಹಲಗೆಯಾಗುವ ಕಲ್ಲು ಮನೆಗೆ ಮಾಡಾಗುತ್ತದೆ.

ಸುಣ್ಣಕಲ್ಲಿನ ಗುಣವೆಂದರೆ ಅದು ಮಳೆನೀರಿಗೆ ಕರಗುತ್ತದೆ. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ನೀರು ನಸು ಆಮ್ಲವಾಗಿ ಬಿರುಕುಗಳೊಳಗೆ ಇಳಿಯುತ್ತದೆ, ಇಳಿಯುತ್ತ ಬಿರುಕುಗಳನ್ನು ಅಗಲ ಮಾಡುತ್ತದೆ. ಲಕ್ಷಾಂತರ ವರ್ಷ ಇದೇ ನಡೆದರೆ ನೆಲದಡಿಯಲ್ಲಿ ಗುಹೆಗಳು ಹುಟ್ಟುತ್ತವೆ, ಮೇಲೆ ಬಟ್ಟಲಿನಾಕಾರದ ತಗ್ಗುಗಳು ಬೀಳುತ್ತವೆ, ಹರಿಯುವ ಹೊಳೆಗಳು ಬಾಯ್ದೆರೆದ ನೆಲದೊಳಗೆ ಕಾಣೆಯಾಗುತ್ತವೆ. ಸ್ಲೊವೇನಿಯದ ರೇಕಾ ನದಿ ಶ್ಕೋತ್ಸಿಯಾನ್ ಎಂಬಲ್ಲಿ ಗುಹೆಯೊಳಗೆ ಹೊಕ್ಕು, ಸುಮಾರು 40 ಕಿ.ಮೀ. ದೂರದಲ್ಲಿ, ಇಟಲಿಯ ಕಡಲತೀರದ ಹತ್ತಿರ ತಿಮಾವೊ ಎಂಬ ಹೆಸರಿನಲ್ಲಿ ಮತ್ತೆ ಹೊರಬರುತ್ತದೆ. ಶ್ಕೋತ್ಸಿಯಾನ್ ಗುಹೆಗಳು 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಇಂಥ ನೆಲವನ್ನು ವಿಜ್ಞಾನಿಗಳು ಮೊದಲು ಕೂಲಂಕಷವಾಗಿ ಅಧ್ಯಯನ ಮಾಡಿದ್ದು ಈ ಸೀಮೆಯಲ್ಲೇ. ಸರ್ಬಿಯದ ಭೂಗೋಳಶಾಸ್ತ್ರಜ್ಞ ಯೊವಾನ್ ತ್ಸ್ವಿಯಿಚ್ 1893ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ಕ್ರಾಸ್‌ನ ಜರ್ಮನ್ ರೂಪವಾದ ‘ಕಾರ್ಸ್ಟ್’ ಎಂಬ ಹೆಸರು ಲೋಕದ ಇಂಥ ಎಲ್ಲ ಸೀಮೆಗಳಿಗೂ ಅನ್ವಯವಾಯಿತು. ಉತ್ತರ ಕನ್ನಡದ ಯಾಣದ ಬಂಡೆಗಳನ್ನು ವಿವರಿಸುವಾಗಲೂ ಬಳಸುವ ಮಾತು ಅದೇ.

ಇಲ್ಲಿ ಮಳೆ ಬಾರದೆ ಇಲ್ಲ. ವರ್ಷಕ್ಕೆ 1,400 ಮಿ.ಮೀ. ಆಸುಪಾಸು ಬೀಳುತ್ತದೆ. ಬಿದ್ದದ್ದು ನಿಲ್ಲುವುದಿಲ್ಲ ಎಂಬುದೇ ತೊಂದರೆ. ಗುಡ್ಡದ ಕೆಳಗೆ ಬ್ರಾನಿತ್ಸಾ ಹೊಳೆಯ ಕಣಿವೆಯಲ್ಲಿ ನೆಲದ ಜಾತಿಯೇ ಬೇರೆ. ಅಲ್ಲಿ ಜೇಡಿ ಮತ್ತು ಮರಳುಕಲ್ಲಿನ ಪದರಗಳಿವೆ, ನೀರು ಮೇಲೆಯೇ ಹರಿಯುತ್ತದೆ. ಮೇಲೆ ಊರಿರುವ ಕಡೆ ಒಂದು ಹಳ್ಳವೂ ಇಲ್ಲ, ಬಾವಿ ತೋಡಿದರೆ ನೀರು ಸಿಗುವ ಭರವಸೆಯೂ ಇಲ್ಲ. ಅಂತರ್ಜಲ ನೂರಾರು ಮೀಟರ್ ಕೆಳಗಿದೆ. ಹೀಗಾಗಿ ಆಕಾಶದಿಂದ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದುಕೊಳ್ಳಬೇಕಾಗಿತ್ತು. ಶ್ಟಾನ್ಯೆಲ್‌ನ ಮನೆಗಳ ಆಕಾರ ನಿರ್ಧಾರವಾದದ್ದು ಈ ಒಂದು ಒತ್ತಾಯದಿಂದ.

ಊರಿನ ನಡುವೆ ಕಾಪಾಡಿಕೊಂಡು ಬಂದಿರುವ ‘ಕ್ರಾಷ್ಕಾ ಹೀಷಾ’, ಅಂದರೆ ಕ್ರಾಸ್ ಮನೆ, ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ಮೂಲ ಕಟ್ಟಡ ಮಧ್ಯಯುಗದ ಕೊನೆಯದು. ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಒಳಗಿನಿಂದ ಮೇಲೆ ಹತ್ತಲು ಮೆಟ್ಟಿಲಿಲ್ಲ. ಹೊರಗಿನ ಜಗಲಿಯ ಮೂಲಕವೇ ಹತ್ತಬೇಕು. ಕೆಳಗೆ ಒಲೆ, ಪಾತ್ರೆ, ದಿನದ ಬದುಕು. ಮೇಲೆ ಮಲಗುವ ಜಾಗ. ಗೋಡೆ ಕಲ್ಲು, ಕಿಟಕಿಯ ಚೌಕಟ್ಟು ಕಲ್ಲು, ಮಾಡಿನ ಮೇಲೆ ಹಾಸಿದ್ದೂ ಕಲ್ಲಿನ ಹಲಗೆಗಳೇ. ಮಾಡಿನ ಅಂಚಿನಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲಿನ ತೋಳುಗಳ ಮೇಲೆ ಉದ್ದನೆಯ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಂದೊಂದು ಕಲ್ಲಿನಲ್ಲೂ ಉಳಿಯಿಂದ ತೋಡಿದ ಕಾಲುವೆ. ಮಾಡಿನಿಂದ ಇಳಿದ ನೀರು ಈ ಕಲ್ಲಿನ ದೋಣಿಗಳಲ್ಲಿ ಕೂಡಿ, ಸಣ್ಣ ಓಟದಲ್ಲಿ ಮೂಲೆಗೆ ಬಂದು, ಅಲ್ಲಿಂದ ಕೆಳಗಿನ ತೊಟ್ಟಿಗೆ ಬೀಳುತ್ತದೆ. ತಗಡು, ಮರ, ಹೆಂಚು ಯಾವುದರ ಹಂಗೂ ಇಲ್ಲ. ಅಷ್ಟು ಭಾರದ ಕಲ್ಲನ್ನು ಅಷ್ಟು ಎತ್ತರದಲ್ಲಿ ಸರಿಯಾದ ಇಳಿಜಾರಿಗೆ ಕೂರಿಸಿದ ಕಲ್ಲುಕುಟಿಗರ ಕೈಚಳಕ ಕಂಡರೆ ಬೆರಗಾಗುತ್ತದೆ. ಆ ಕೆಲಸಗಾರರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ.

ನೀರು ಕೂಡಿಡುವ ತೊಟ್ಟಿಗೆ ಇಲ್ಲಿನವರು ಹೇಳುವುದು ‘ಶ್ತಿರ್ನಾ’. ನೋಡಲು ಬಾವಿಯಂತೆಯೇ ಇರುತ್ತದೆ, ಆದರೆ ಒಳಗೆ ಊಟೆಯಿಲ್ಲ. ಬಂಡೆಯಲ್ಲಿ ತೋಡಿ, ಒಳಗೋಡೆಗೆ ನೀರು ಜಿನುಗದಂತೆ ಗಾರೆ ಮಾಡಿದ ಕೊಠಡಿ ಅದು. ಮೇಲೆ ಒಂದೇ ಕಲ್ಲಿನಲ್ಲಿ ಕಡೆದ ಕಟ್ಟೆ. ಅನುಕೂಲಸ್ಥರು ಕಟ್ಟೆಯ ಮೇಲೆ ಕಟ್ಟಿಸಿದ ವರ್ಷ, ಮನೆತನದ ಅಕ್ಷರಗಳು, ಹೂಬಳ್ಳಿ ಕೆತ್ತಿಸುತ್ತಿದ್ದರು. ಕ್ರಾಸ್‌ನ ಹಳೆಯ ಕಟ್ಟೆಗಳ ಒಳ ಅಂಚನ್ನು ಬೆರಳಿಂದ ಸವರಿದರೆ ಆಳವಾದ ಗೀರುಗಳು ತಾಕುತ್ತವೆ. ತಲೆಮಾರುಗಳ ಕಾಲ ಹಗ್ಗ ಎಳೆದೆಳೆದು ಕಲ್ಲು ಸವೆದ ಗುರುತು ಅದು. ಕುಡಿಯಲು, ಅಡುಗೆಗೆ ಈ ನೀರು. ದನ ಕುರಿಗಳಿಗೆ ಬೇರೆಯದೇ ಏರ್ಪಾಡು: ತಗ್ಗಿನ ತಳಕ್ಕೆ ಜೇಡಿಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದ ಕೊಳಗಳು. ಅವುಗಳನ್ನು ‘ಕಾಲ್’ ಎನ್ನುತ್ತಾರೆ. ಬೇಸಿಗೆ ಹಿಡಿದು ಎರಡೂ ಬತ್ತಿದರೆ ಉಳಿದ ದಾರಿ ಕಣಿವೆಗೆ ಇಳಿದು ನೀರು ಹೊತ್ತು ತರುವುದೇ.

ಗಾಳಿಯೂ ಮನೆಗಳ ಮೇಲೆ ತನ್ನ ಗುರುತು ಬಿಟ್ಟಿದೆ. ಚಳಿಗಾಲದಲ್ಲಿ ಈಶಾನ್ಯದ ಎತ್ತರದ ಬೆಟ್ಟಗಳಿಂದ ತಣ್ಣನೆಯ ಭಾರದ ಗಾಳಿ ಕಡಲಿನತ್ತ ಧುಮುಕುತ್ತದೆ. ಅದೇ ‘ಬುರ್ಯಾ’. ಅದು ಬೀಸುವುದು ನಿರಂತರವಾಗಿ ಅಲ್ಲ, ಹೊಡೆತ ಹೊಡೆತವಾಗಿ. ಒಮ್ಮೊಮ್ಮೆ ಗಂಟೆಗೆ 150 ಕಿ.ಮೀ. ವೇಗವನ್ನೂ ಮೀರುತ್ತದೆ. ಕೆಳಗಿನ ವಿಪಾವಾ ಕಣಿವೆಯಲ್ಲಿ ಲಾರಿಗಳ ಓಡಾಟ ನಿಲ್ಲಿಸುವ ದಿನಗಳುಂಟು. ಅದಕ್ಕಾಗಿ ಕ್ರಾಸ್‌ನ ಮನೆಗಳು ಈಶಾನ್ಯಕ್ಕೆ ಬೆನ್ನು ಹಾಕಿ ನಿಲ್ಲುತ್ತವೆ. ಆ ಕಡೆಯ ಗೋಡೆಗೆ ಕಿಟಕಿ ಇರುವುದಿಲ್ಲ, ಇದ್ದರೂ ಕೈ ತೂರುವಷ್ಟು. ಬಾಗಿಲು, ಜಗಲಿ, ಅಂಗಳ ಎಲ್ಲ ಬಿಸಿಲಿನ ದಿಕ್ಕಿಗೆ. ಹೆಂಚಿನ ಮಾಡು ಬಂದ ಮೇಲೂ ಹೆಂಚುಗಳ ಮೇಲೆ ಕಲ್ಲು ಹೇರುವ ರೂಢಿ ಬಿಡಲಿಲ್ಲ. ಶ್ಟಾನ್ಯೆಲ್‌ನಲ್ಲಿ ಮನೆಗಳು ಒಂದಕ್ಕೊಂದು ಭುಜ ತಾಕಿಸಿ ನಿಂತಿರುವುದಕ್ಕೆ ಕೋಟೆಯ ಗೋಡೆಯೊಳಗಿನ ಇಕ್ಕಟ್ಟು ಒಂದು ಕಾರಣವಾದರೆ ಈ ಗಾಳಿ ಇನ್ನೊಂದು.

ಹೊಲದ ಕಥೆಯೂ ಕಲ್ಲಿನದೇ. ಸುಣ್ಣಕಲ್ಲು ಕರಗಿ ಹೋದ ಮೇಲೆ ಕರಗದ ಚೂರು ಕೆಂಪು ಮಣ್ಣಾಗಿ ಉಳಿಯುತ್ತದೆ. ಕಬ್ಬಿಣದ ಅಂಶದಿಂದ ಕೆಂಪಾದ ಈ ಮಣ್ಣು ತಗ್ಗುಗಳ ತಳದಲ್ಲಿ ಮಾತ್ರ ದಪ್ಪಗೆ ಕೂತಿರುತ್ತದೆ. ಉಳಿದ ಕಡೆ ರೈತರು ಕಲ್ಲು ಹೆಕ್ಕಿ ಬದಿಗೆ ಒಟ್ಟಿ, ಸಿಕ್ಕಷ್ಟು ಮಣ್ಣನ್ನು ಹರಡಿ, ಹಿಡಿಯಗಲದ ಹೊಲಗಳನ್ನು ಹುಟ್ಟಿಸಿಕೊಂಡರು. ಹೆಕ್ಕಿದ ಕಲ್ಲೇ ಗೋಡೆಯಾಯಿತು. ಗಾರೆ, ಸುಣ್ಣ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಆ ಗೋಡೆಗಳು ಮಣ್ಣನ್ನು ಕೊಚ್ಚಿಹೋಗದಂತೆ ತಡೆಯುತ್ತವೆ, ಬುರ್ಯಾದ ಹೊಡೆತ ಮುರಿಯುತ್ತವೆ, ಮೇಯುವ ಕುರಿಗಳನ್ನು ಹೊಲದಿಂದ ದೂರ ಇಡುತ್ತವೆ. 2018ರಲ್ಲಿ ಯುನೆಸ್ಕೊ ಈ ಗಾರೆಯಿಲ್ಲದ ಗೋಡೆ ಕಟ್ಟುವ ವಿದ್ಯೆಯನ್ನು ಸ್ಲೊವೇನಿಯ ಸೇರಿ ಎಂಟು ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯಾಗಿ ಗುರುತಿಸಿತು. ಕೆಂಪು ಮಣ್ಣಿನಲ್ಲಿ ಬೆಳೆಯುವ ರೆಫೋಶ್ಕ್ ದ್ರಾಕ್ಷಿಯಿಂದ ಕಡುಗೆಂಪಿನ, ಹುಳಿ ಮುಂದಾದ ತೆರಾನ್ ದ್ರಾಕ್ಷಾರಸ ತಯಾರಾಗುತ್ತದೆ. ಉಪ್ಪು ಸವರಿ ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ, ಪ್ರಶೂತ್, ಅದರ ಜೊತೆಗಾರ. ಹೊಗೆಯಿಡದೆ ಬರೀ ಗಾಳಿಗೆ ಒಣಗಿಸುವ ಈ ಪದ್ಧತಿಗೆ ಬುರ್ಯಾವೇ ನೆರವು. ಕಾಡುವ ಗಾಳಿಯಿಂದಲೂ ಕೆಲಸ ತೆಗೆದವರು ಇವರು. ತಾವೇ ಮಾಡಿದ ದ್ರಾಕ್ಷಾರಸವನ್ನು ತಮ್ಮ ಮನೆಯಂಗಳದಲ್ಲೇ ಕೆಲವು ದಿನ ಮಾರಲು ರೈತರಿಗೆ ಹ್ಯಾಬ್ಸ್‌ಬರ್ಗ್ ಆಳ್ವಿಕೆಯ ಕಾಲದಲ್ಲಿ ಸಿಕ್ಕ ಅನುಮತಿ ‘ಓಸ್ಮಿತ್ಸಾ’ ಎಂಬ ಹೆಸರಿನಲ್ಲಿ ಇಂದಿಗೂ ನಡೆದು ಬಂದಿದೆ. ದಾರಿಯ ತಿರುವಿನಲ್ಲಿ ಕೋಲಿಗೆ ಹಸಿರು ಬಳ್ಳಿಯ ಗೊಂಚಲು ಕಟ್ಟಿದ್ದರೆ ಆ ದಿನಗಳಲ್ಲಿ ಆ ಮನೆ ತೆರೆದಿದೆ ಎಂದರ್ಥ.

ತುರ್ನ್ ಗುಡ್ಡದ ನೆತ್ತಿಯಲ್ಲಿ ಜನ ನೆಲೆಸಿದ್ದು ಬಹಳ ಹಿಂದೆ. ಕಬ್ಬಿಣಯುಗದಲ್ಲಿ ಅಲ್ಲಿ ಕಲ್ಲಿನ ಗೋಡೆ ಸುತ್ತಿದ ನೆಲೆ ಇತ್ತು. ರೋಮನ್ನರ ಕಾಲದಲ್ಲೂ ಗುಡ್ಡ ಕಾವಲಿನ ಜಾಗವಾಗಿತ್ತು. ಕಾರಣ ಮೇಲೆ ನಿಂತರೆ ತಿಳಿಯುತ್ತದೆ: ಒಂದು ಕಡೆ ವಿಪಾವಾ ಕಣಿವೆ ಮತ್ತು ಅದರಾಚೆ ನಾನೋಸ್ ಬೆಟ್ಟದ ಗೋಡೆ, ಇನ್ನೊಂದು ಕಡೆ ಕಡಲಿನತ್ತ ಹೋಗುವ ಪ್ರಸ್ಥಭೂಮಿ. ಒಳನಾಡಿನಿಂದ ಏಡ್ರಿಯಾಟಿಕ್ ಕಡಲಿಗೆ ಹೋಗುವ ದಾರಿಗಳ ಮೇಲೆ ಕಣ್ಣಿಡಲು ತಕ್ಕ ಸ್ಥಳ. ಮಧ್ಯಯುಗದಲ್ಲಿ ಈ ಸೀಮೆ ಗೊರಿತ್ಸಿಯದ ಕೌಂಟ್‌ಗಳ ಕೈಯಲ್ಲಿತ್ತು. ಆ ಮನೆತನದ ಕೊನೆಯ ಕುಡಿ ಲಿಯೊನಾರ್ಡ್ 1500ರಲ್ಲಿ ವಾರಸುದಾರರಿಲ್ಲದೆ ತೀರಿಕೊಂಡಾಗ ಹ್ಯಾಬ್ಸ್‌ಬರ್ಗ್ ದೊರೆಗಳು ಅದನ್ನು ಪಡೆದರು. ಕಡಲತೀರದ ವೆನಿಸ್ ಗಣರಾಜ್ಯಕ್ಕೆ ಇದು ಹಿಡಿಸಲಿಲ್ಲ. 1508ರಲ್ಲಿ ಶುರುವಾದ ಕಾಳಗ ವರ್ಷಗಟ್ಟಲೆ ಎಳೆಯಿತು. ಅದಕ್ಕೂ ಮೊದಲೇ ತುರ್ಕರ ದಾಳಿಗಳ ಭಯ ಹರಡಿತ್ತು. ಊರಿನ ಸುತ್ತ ಕೋಟೆಗೋಡೆ, ಬುರುಜುಗಳು ಎದ್ದದ್ದು ಇಂಥ ಕಾಲದಲ್ಲಿ. ನೆರೆಯ ಕೊಬ್ದಿಲ್ ಹಳ್ಳಿಯ ದಿಕ್ಕಿನ ಬಾಗಿಲನ್ನು ಕಾಯುತ್ತಿದ್ದ ಬುರುಜು ಇಂದಿಗೂ ನಿಂತಿದೆ.

ಹದಿನಾರನೆಯ ಶತಮಾನದಲ್ಲಿ ಶ್ಟಾನ್ಯೆಲ್ ಕೊಬೆನ್ಸಲ್ ಮನೆತನದ ಪಾಲಾಯಿತು. ಇಷ್ಟು ಸಣ್ಣ ಊರಿನ ಒಡೆಯರು ಯೂರೋಪಿನ ರಾಜಕಾರಣದಲ್ಲಿ ಇಷ್ಟು ದೂರ ಹೋದದ್ದು ಈ ಇತಿಹಾಸದ ಒಂದು ಸ್ವಾರಸ್ಯ. ಹಾನ್ಸ್ ಕೊಬೆನ್ಸಲ್ ಸಾಮ್ರಾಟ ಎರಡನೆಯ ಮ್ಯಾಕ್ಸಿಮಿಲಿಯನ್‌ನ ರಾಯಭಾರಿಯಾಗಿ 1575ರ ಕೊನೆಯಲ್ಲಿ ರಷ್ಯದ ತ್ಸಾರ್ ‘ಭಯಂಕರ’ ಇವಾನನ ಬಳಿ ಹೋಗಿದ್ದ. ಎರಡು ಶತಮಾನಗಳ ನಂತರ ಅದೇ ಮನೆತನದ ಲುಡ್ವಿಗ್ ಕೊಬೆನ್ಸಲ್ 1797ರಲ್ಲಿ ನೆಪೋಲಿಯನ್ ಜೊತೆ ಕಾಂಪೊ ಫೋರ್ಮಿಯೊ ಒಪ್ಪಂದಕ್ಕೆ ಆಸ್ಟ್ರಿಯದ ಪರವಾಗಿ ಸಹಿ ಹಾಕಿದ. ಸಾವಿರ ವರ್ಷದ ವೆನಿಸ್ ಗಣರಾಜ್ಯದ ಕಥೆ ಮುಗಿಸಿದ ಒಪ್ಪಂದ ಅದು. ಆತನ ದಾಯಾದಿ ಫಿಲಿಪ್ ಕೊಬೆನ್ಸಲ್‌ನ ಹೆಸರನ್ನು ವಿಯೆನ್ನಾ ನಗರದ ಅಂಚಿನ ಒಂದು ಬೆಟ್ಟ ಇಂದಿಗೂ ಹೊತ್ತಿದೆ. ಫಿಲಿಪ್ 1810ರಲ್ಲಿ ತೀರಿಕೊಂಡಾಗ ಮನೆತನದ ಗಂಡುಸಂತತಿ ಕೊನೆಗೊಂಡು ಆಸ್ತಿ ಕೊರೊನಿನಿ ಮನೆತನಕ್ಕೆ ಹೋಯಿತು. ಮಧ್ಯಯುಗದ ಕೋಟೆಯನ್ನು ವಾಸಕ್ಕೆ ಹಿತವಾದ ಅರಮನೆಯಾಗಿ ಮಾರ್ಪಡಿಸಿದವರು ಕೊಬೆನ್ಸಲ್‌ಗಳೇ.

ಅರಮನೆಯ ಪಕ್ಕದಲ್ಲೇ ಸಂತ ಡೇನಿಯಲ್‌ನ ಚರ್ಚ್ ಇದೆ. ಊರಿನ ಹೆಸರು ಬಂದಿರುವುದು ಈ ಸಂತನಿಂದ. ಇಟಾಲಿಯನ್ ಭಾಷೆಯಲ್ಲಿ ಊರನ್ನು ಸಾನ್ ಡನಿಯೆಲೆ ದೆಲ್ ಕಾರ್ಸೊ ಎಂದು ಕರೆಯುತ್ತಿದ್ದರು. ಹದಿನೈದನೆಯ ಶತಮಾನದ ಗಾಥಿಕ್ ಕಟ್ಟಡ ಅದು. ಅದಕ್ಕೆ ಹದಿನೇಳನೆಯ ಶತಮಾನದಲ್ಲಿ ಸೇರಿದ ಗಂಟೆಗೋಪುರದ ತುದಿ ನಿಂಬೆಹಣ್ಣಿನ ಆಕಾರದ್ದು. ಸುತ್ತಲಿನ ಊರುಗಳ ಚೂಪು ಗೋಪುರಗಳ ನಡುವೆ ಇದೊಂದೇ ಬೇರೆಯಾಗಿ ಕಾಣುವುದರಿಂದ ದೂರದ ದಾರಿಯಿಂದಲೇ ಶ್ಟಾನ್ಯೆಲ್‌ನ ಗುರುತು ಸಿಗುತ್ತದೆ.

ಊರಿನ ದೈನಂದಿನ ಬದುಕನ್ನು ಒಡೆಯರಿಗಿಂತ ಹೆಚ್ಚು ಬದಲಿಸಿದ್ದು ಟ್ರಿಯೆಸ್ತೆ ಬಂದರು. 1719ರಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಅದನ್ನು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಮೀನುಗಾರರ ಪಟ್ಟಣ ಬೆಳೆದು ಸಾಮ್ರಾಜ್ಯದ ದೊಡ್ಡ ನಗರಗಳಲ್ಲೊಂದಾಯಿತು. ಕಟ್ಟಡಗಳಿಗೆ ಕಲ್ಲು ಬೇಕಿತ್ತು, ಕಲ್ಲು ಕಡಿಯುವ ಕೈಗಳು ಬೇಕಿದ್ದವು, ತಿನ್ನಲು ಉಣ್ಣಲು ಬೇಕಿತ್ತು. ಕ್ರಾಸ್‌ನ ಗಂಡಸರು ಕಲ್ಲುಗಣಿಗಳಿಗೆ, ಕಟ್ಟಡಗಳಿಗೆ ಕೂಲಿ ಹೋದರು. ಹೆಂಗಸರು ಹಾಲು, ರೊಟ್ಟಿ, ಮೊಟ್ಟೆ ಹೊತ್ತು ಪಟ್ಟಣದ ಬೀದಿಗಳಲ್ಲಿ ಮಾರಿದರು. ರೊಕ್ಕ ಕೈಗೆ ಬಂದಂತೆ ಹಳ್ಳಿಗಳ ಮನೆಗಳಿಗೆ ಮಹಡಿ, ಕೆತ್ತನೆಯ ಬಾಗಿಲುಕಮಾನು, ಹೊಸ ಶ್ತಿರ್ನಾ ಬಂದವು. 1906ರಲ್ಲಿ ಆಲ್ಪ್ಸ್ ದಾಟಿ ಟ್ರಿಯೆಸ್ತೆಗೆ ಬರುವ ಹೊಸ ರೈಲುಮಾರ್ಗ ಶುರುವಾಯಿತು. ಅದು ಸೋಚಾ ಕಣಿವೆಯಿಂದ ಏರಿ ಕ್ರಾಸ್‌ಗೆ ಬರುವ ದಾರಿಯಲ್ಲಿ ಶ್ಟಾನ್ಯೆಲ್‌ಗೂ ನಿಲ್ದಾಣ ಸಿಕ್ಕಿತು. ಇದೇ ಮಾರ್ಗದಲ್ಲಿ, ಸೊಲ್ಕಾನ್‌ನಲ್ಲಿ, ಸೋಚಾ ನದಿಯ ಮೇಲೆ 85 ಮೀಟರ್ ಅಗಲದ ಕಲ್ಲಿನ ಕಮಾನು ಸೇತುವೆಯಿದೆ. ಕೆತ್ತಿದ ಕಲ್ಲಿನಿಂದ ಕಟ್ಟಿದ ರೈಲುಸೇತುವೆಗಳಲ್ಲಿ ಅಷ್ಟು ದೊಡ್ಡ ಕಮಾನು ಬೇರೆಲ್ಲೂ ಇಲ್ಲ.

ಈ ಹೊತ್ತಿಗೆ ಕ್ರಾಸ್ ಬೋಳಾಗಿತ್ತು. ಶತಮಾನಗಳಿಂದ ಸೌದೆ, ಮರಮುಟ್ಟು ಕಡಿದು, ಕುರಿ ಮೇಯಿಸಿ, ಓಕ್ ಕಾಡು ಅಳಿದು ಬರೀ ಕಲ್ಲು ಉಳಿದಿತ್ತು. ಹಡಗಿನ ತಿರುಪು ಹುಟ್ಟನ್ನು ಕಂಡುಹಿಡಿದವರಲ್ಲಿ ಒಬ್ಬನೆಂದು ಹೆಸರಾದ ಅರಣ್ಯಾಧಿಕಾರಿ ಯೋಸೆಫ್ ರೆಸೆಲ್ ಇಲ್ಲಿ ಮತ್ತೆ ಮರ ಬೆಳೆಸಬೇಕೆಂದು ಯೋಜನೆ ಹಾಕಿದವರಲ್ಲಿ ಮೊದಲಿಗ. 1859ರಲ್ಲಿ ಟ್ರಿಯೆಸ್ತೆ ಹತ್ತಿರದ ಬಾಜೊವಿತ್ಸಾದಲ್ಲಿ ಕಪ್ಪು ಪೈನ್ ಸಸಿಗಳು ಬೇರು ಹಿಡಿದ ಮೇಲೆ ದಾರಿ ತೆರೆಯಿತು. ಇಂದು ಕ್ರಾಸ್‌ನ ಅರ್ಧಕ್ಕೂ ಹೆಚ್ಚು ನೆಲ ಕಾಡು.

1915ರ ಮೇ ತಿಂಗಳಲ್ಲಿ ಇಟಲಿ ಆಸ್ಟ್ರಿಯ-ಹಂಗೆರಿಯ ಮೇಲೆ ಯುದ್ಧ ಸಾರಿತು. ಮುಂದಿನ ಎರಡೂವರೆ ವರ್ಷ ಸೋಚಾ ನದಿಯ ಉದ್ದಕ್ಕೆ, ಕ್ರಾಸ್‌ನ ಪಶ್ಚಿಮ ಭಾಗದಲ್ಲಿ, ಹನ್ನೆರಡು ಕದನಗಳು ನಡೆದವು. ಕಲ್ಲುನೆಲದಲ್ಲಿ ಕಂದಕ ತೋಡುವುದೇ ಕಷ್ಟ. ಗುಂಡು ಸಿಡಿದರೆ ಕಲ್ಲಿನ ಚೂರುಗಳೂ ಗುಂಡಿನಷ್ಟೇ ಕೊಲ್ಲುತ್ತಿದ್ದವು. ಗುಹೆಗಳೇ ಸೈನಿಕರಿಗೆ ಆಸರೆಯಾದವು, ಬಾಯಾರಿಕೆ ಇನ್ನೊಬ್ಬ ಶತ್ರುವಾಯಿತು. ಶ್ಟಾನ್ಯೆಲ್ ಇದ್ದದ್ದು ಕದನದ ಸಾಲಿನ ಹಿಂದೆ. ರೈಲು ಇದ್ದುದರಿಂದ ಅಲ್ಲಿ ಸೇನಾ ಆಸ್ಪತ್ರೆ ಬಂತು. ಬದುಕುಳಿಯದವರಿಗಾಗಿ ಊರ ಕೆಳಗೆ ಸ್ಮಶಾನವೂ ಬಂತು. ಪುರಾತನ ಗುಡಿಯನ್ನು ನೆನಪಿಸುವ ಕಲ್ಲಿನ ಸ್ಮಾರಕವೊಂದು ಆ ಬಯಲಿನಲ್ಲಿದೆ. ಬಹುಜನಾಂಗಗಳ ಸಾಮ್ರಾಜ್ಯಕ್ಕಾಗಿ ಹೋರಾಡಿದ, ಊರು ಕೇರಿ ಬೇರೆ ಬೇರೆಯಾದ ಸೈನಿಕರು ಅಲ್ಲಿ ಮಣ್ಣಾಗಿದ್ದಾರೆ.

ಸಾಮ್ರಾಜ್ಯ ಮುಗಿಯಿತು. 1920ರ ರಪಾಲ್ಲೊ ಒಪ್ಪಂದದ ಪ್ರಕಾರ ಕ್ರಾಸ್ ಇಟಲಿಗೆ ಸೇರಿತು. ಫ್ಯಾಸಿಸ್ಟರ ಆಳ್ವಿಕೆಯಲ್ಲಿ ಸ್ಲೊವೇನಿಯನ್ನರ ಭಾಷೆಯನ್ನು ಶಾಲೆಗಳಿಂದ, ಕಚೇರಿಗಳಿಂದ, ಕೊನೆಗೆ ಮನುಷ್ಯರ ಹೆಸರುಗಳಿಂದಲೂ ಕಿತ್ತುಹಾಕುವ ಕೆಲಸ ನಡೆಯಿತು. 1920ರ ಜುಲೈನಲ್ಲೇ ಟ್ರಿಯೆಸ್ತೆಯಲ್ಲಿ ಸ್ಲೊವೇನಿಯನ್ನರ ಸಾಂಸ್ಕೃತಿಕ ಭವನವಾದ ನಾರೋದ್ನಿ ದೋಮ್ ಅನ್ನು ಸುಟ್ಟಿದ್ದರು. ಆ ಭವನದ ವಾಸ್ತುಶಿಲ್ಪಿ ಮ್ಯಾಕ್ಸ್ ಫಬಿಯಾನಿ ಹುಟ್ಟಿದ್ದು ಶ್ಟಾನ್ಯೆಲ್‌ಗೆ ಅಂಟಿಕೊಂಡೇ ಇರುವ ಕೊಬ್ದಿಲ್‌ನಲ್ಲಿ, 1865ರಲ್ಲಿ.

ಫಬಿಯಾನಿಯ ಬದುಕಿಗೂ ಈ ಊರಿಗೂ ಇರುವ ನಂಟು ವಿವರವಾಗಿ ಹೇಳಬೇಕಾದದ್ದು. ಆತ ವಿಯೆನ್ನಾದಲ್ಲಿ ಓದಿ, ಆ ಕಾಲದ ಪ್ರಸಿದ್ಧ ವಾಸ್ತುಶಿಲ್ಪಿ ಓಟ್ಟೊ ವಾಗ್ನರ್‌ನ ಕಚೇರಿಯಲ್ಲಿ ಕೆಲಸ ಮಾಡಿದ. 1895ರ ಏಪ್ರಿಲ್‌ನಲ್ಲಿ ಲ್ಯುಬ್ಲ್ಯಾನಾ ನಗರ ಭೂಕಂಪಕ್ಕೆ ಜರ್ಜರಿತವಾದಾಗ ಅದನ್ನು ಮತ್ತೆ ಕಟ್ಟಲು ನಕ್ಷೆ ಹಾಕಿಕೊಟ್ಟ. ವಿಯೆನ್ನಾದ ಉರಾನಿಯಾ ವೀಕ್ಷಣಾಲಯದ ಕಟ್ಟಡ ಆತನದೇ ವಿನ್ಯಾಸ. ಯುದ್ಧದ ಕೊನೆಯಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ರಾಜಧಾನಿಯ ಹುದ್ದೆ ಬಿಟ್ಟು ತನ್ನ ಸೀಮೆಗೆ ಮರಳಿದ. ಗುಂಡಿನ ಮಳೆಗೆ ನೆಲಸಮವಾಗಿದ್ದ ಸೋಚಾ ಮತ್ತು ಕ್ರಾಸ್‌ನ ಹತ್ತಾರು ಊರುಗಳ ಮರುನಿರ್ಮಾಣಕ್ಕೆ ನಕ್ಷೆ ತಯಾರಿಸಿದ. 1935ರಿಂದ ಹತ್ತು ವರ್ಷ ಶ್ಟಾನ್ಯೆಲ್‌ನ ಪುರಾಧ್ಯಕ್ಷನಾಗಿದ್ದ. ಫ್ಯಾಸಿಸ್ಟ್ ಆಡಳಿತದ ಅಡಿಯಲ್ಲಿ ಆ ಹುದ್ದೆಯಲ್ಲಿದ್ದದ್ದು ಆತನ ಹೆಸರಿಗೆ ಅಂಟಿಕೊಂಡ ಪ್ರಶ್ನೆಯೂ ಹೌದು. ಅರಮನೆಯ ದುರಸ್ತಿ, ಊರಿನ ದಾರಿಗಳು, ಚೌಕಗಳು ಆತನ ಕಾಲದಲ್ಲಿ ಸುಧಾರಿಸಿದವು.

ಊರಿನ ಕೋಟೆಗೋಡೆಯ ಅಂಚಿನಲ್ಲಿ ಫಬಿಯಾನಿಯ ಬಂಧು, ಟ್ರಿಯೆಸ್ತೆಯ ವೈದ್ಯ ಎನ್ರಿಕೊ ಫೆರಾರಿ, ಕೆಲವು ಹಳೆಯ ಮನೆಗಳನ್ನು ಕೂಡಿಸಿ ವಿಲ್ಲಾ ಮಾಡಿಕೊಂಡ. ಅದರ ಕೆಳಗಿನ ಇಳಿಜಾರಿನಲ್ಲಿ, ಮೊದಲು ಹೊಲದ ಮಟ್ಟಗಳಿದ್ದ ಜಾಗದಲ್ಲಿ, ಫಬಿಯಾನಿ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಒಂದು ತೋಟ ರೂಪಿಸಿದ. ಕಲ್ಲಿನ ಮೆಟ್ಟಿಲು, ಬಳ್ಳಿಯ ಚಪ್ಪರ, ನೋಟ ಸವಿಯಲು ಕಟ್ಟಿದ ಮಂಟಪ, ಇವುಗಳ ನಡುವೆ ಮೊಟ್ಟೆಯಾಕಾರದ ಕೊಳ. ಕೊಳದಲ್ಲೊಂದು ಪುಟ್ಟ ನಡುಗಡ್ಡೆ, ಅದಕ್ಕೆ ಕಲ್ಲಿನ ಕಮಾನು ಸೇತುವೆ. ಮೊದಲ ನೋಟಕ್ಕೆ ಇದು ಸಿರಿವಂತರ ವಿಲಾಸ. ನೀರೇ ಇಲ್ಲದ ಗುಡ್ಡದ ಮೇಲೆ ಕೊಳವೆಂದರೆ ಇನ್ನೇನು? ಆದರೆ ತೋಟದ ಅಡಿಯಲ್ಲಿ ನೋಡಿದರೆ ಬೇರೆಯೇ ಸಂಗತಿ. ಮಾಡುಗಳಿಂದ, ಇಳಿಜಾರಿನಿಂದ ಬಂದ ಮಳೆನೀರನ್ನು ಕಾಲುವೆಗಳಲ್ಲಿ ಕೂಡಿಸಿ ಮೇಲಿನ ತೊಟ್ಟಿಗಳಲ್ಲಿ ತುಂಬಿಸುವುದು, ಅಲ್ಲಿಂದ ಮಟ್ಟ ಮಟ್ಟವಾಗಿ ಕೆಳಗಿಳಿಸುವುದು, ಕೊಳವನ್ನೂ ಗಿಡಗಳನ್ನೂ ಅದರಿಂದಲೇ ಸಾಕುವುದು ಇಲ್ಲಿನ ಏರ್ಪಾಡು. ಹೆಸರಿಲ್ಲದ ಕಲ್ಲುಕುಟಿಗರು ಒಂದೊಂದು ಮನೆಗೆ ಮಾಡಿದ್ದನ್ನು ವಿಯೆನ್ನಾದಲ್ಲಿ ಪಳಗಿದ ವಾಸ್ತುಶಿಲ್ಪಿ ಇಡೀ ಇಳಿಜಾರಿಗೆ ಮಾಡಿದ. ಹಳ್ಳಿಯವರ ಜಾಣ್ಮೆಗೆ ಇದಕ್ಕಿಂತ ದೊಡ್ಡ ಗೌರವ ಸಲ್ಲಿಸಲು ಸಾಧ್ಯವಿರಲಿಲ್ಲ. ಇಂದು ಆ ತೋಟ ರಾಷ್ಟ್ರೀಯ ಮಹತ್ವದ ಸ್ಮಾರಕ. ಕೊಬ್ದಿಲ್‌ನಿಂದ ಅಲ್ಲಿಗೆ ನಡೆದು ಬರುವ ಕಾಲುದಾರಿಗೆ ಫಬಿಯಾನಿಯ ಹೆಸರಿಟ್ಟಿದ್ದಾರೆ.

1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದಾಗ ಜರ್ಮನರು ಈ ಸೀಮೆಯನ್ನು ಹಿಡಿದುಕೊಂಡರು. ಕಾಡುಗಳಲ್ಲಿ ಪಾರ್ಟಿಸಾನ್ ಹೋರಾಟಗಾರರ ಚಟುವಟಿಕೆ ಜೋರಾಗಿತ್ತು. ಅದಕ್ಕೆ ಪ್ರತೀಕಾರವಾಗಿ 1944ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ಕೋಮೆನ್ ಊರನ್ನೂ ಕಣಿವೆಯ ರಿಹೆಂಬೆರ್ಕ್ ಊರನ್ನೂ ಸುಟ್ಟು ಜನರನ್ನು ಹೊರಗಟ್ಟಿತು. ಜರ್ಮನ್ ಭಾಷೆ ಚೆನ್ನಾಗಿ ಬಲ್ಲ ಮುದುಕ ಫಬಿಯಾನಿ ಅಧಿಕಾರಿಗಳ ಜೊತೆ ಮಾತಾಡಿ ಶ್ಟಾನ್ಯೆಲ್ ಪೂರ್ತಿ ನಾಶವಾಗದಂತೆ ತಡೆದನೆಂದು ಊರಿನಲ್ಲಿ ಹೇಳುತ್ತಾರೆ. ಪೂರ್ತಿ ಉಳಿಯಲಂತೂ ಇಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಅರಮನೆಯೂ ಮೇಲಿನ ಊರಿನ ಹಲವು ಮನೆಗಳೂ ಬೆಂಕಿಗೆ ಸಿಕ್ಕಿ ಮಾಡು ಕಳೆದುಕೊಂಡು ಬರಿಯ ಗೋಡೆಗಳಾಗಿದ್ದವು. ಫಬಿಯಾನಿ ಗೊರಿತ್ಸಿಯಕ್ಕೆ ಹೋಗಿ ಅಲ್ಲೇ 1962ರಲ್ಲಿ ತೀರಿಕೊಂಡ. 1947ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪ್ಯಾರಿಸ್ ಶಾಂತಿ ಒಪ್ಪಂದ ಗೊರಿತ್ಸಿಯವನ್ನು ಇಟಲಿಗೂ ಶ್ಟಾನ್ಯೆಲ್ ಅನ್ನು ಯುಗೋಸ್ಲಾವಿಯಕ್ಕೂ ಕೊಟ್ಟಿತ್ತು. ಹೀಗೆ ಆತನ ಸಾವಿನ ಊರಿಗೂ ಹುಟ್ಟಿದೂರಿಗೂ ನಡುವೆ ದೇಶಗಳ ಗಡಿ ಬಿದ್ದಿತ್ತು.

ಗಡಿ ಊರಿನ ಹೊಟ್ಟೆಪಾಡಿಗೂ ಪೆಟ್ಟು ಕೊಟ್ಟಿತು. ತಲೆಮಾರುಗಳಿಂದ ಹಾಲು, ಕಲ್ಲು, ಕೂಲಿ ಎಲ್ಲಕ್ಕೂ ಆಧಾರವಾಗಿದ್ದ ಟ್ರಿಯೆಸ್ತೆ ಪರದೇಶವಾಯಿತು. ಜನ ಕೆಲಸ ಹುಡುಕಿ ಪಟ್ಟಣಗಳಿಗೆ ಹೋದರು. ಉಳಿದವರೂ ಮೇಲಿನ ಹಳೆಯ ಊರು ಬಿಟ್ಟು, ರಸ್ತೆಗೆ ಹತ್ತಿರದ ಸಮತಟ್ಟಿನಲ್ಲಿ ಹೊಸ ಮನೆ ಕಟ್ಟಿಕೊಂಡರು. ಅವರನ್ನು ದೂರುವಂತಿಲ್ಲ. ಮೆಟ್ಟಿಲ ದಾರಿಯಲ್ಲಿ ಗಾಡಿ ಹೋಗದು, ಒಂದು ಕೋಣೆಯ ಕಲ್ಲುಮನೆಯಲ್ಲಿ ಸಂಸಾರ ಹಿಡಿಸದು. ಪಾಳುಬಿದ್ದ ಗೋಡೆಗಳ ಮೇಲೆ ಪೊದೆ ಬೆಳೆಯಿತು. ಸ್ಮಾರಕ ಸಂರಕ್ಷಣೆಯ ಕೆಲಸ ಆರಂಭವಾದ ಮೇಲೆ ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಅರಮನೆಯ ಕೆಲವು ಭಾಗಗಳಿಗೆ ಮತ್ತೆ ಮಾಡು ಬಂತು. ಟ್ರಿಯೆಸ್ತೆಯಲ್ಲಿ ಹುಟ್ಟಿದ ಸ್ಲೊವೇನಿಯನ್ ಕಲಾವಿದ ಲೋಯ್ಜೆ ಸ್ಪಾತ್ಸಲ್ (1907–2000) ತನ್ನ ಮರದಚ್ಚಿನ ಚಿತ್ರಗಳಲ್ಲಿ ಕ್ರಾಸ್‌ನ ಗೋಡೆ, ಕಿಟಕಿ, ಕಮಾನುಗಳನ್ನೇ ಮತ್ತೆ ಮತ್ತೆ ತಂದವನು. ಆತನ ಕೃತಿಗಳ ಗ್ಯಾಲರಿ 1980ರ ದಶಕದಿಂದ ಆ ಅರಮನೆಯಲ್ಲಿದೆ.

1991ರಲ್ಲಿ ಸ್ಲೊವೇನಿಯ ಸ್ವತಂತ್ರವಾಯಿತು, 2004ರಲ್ಲಿ ಯೂರೋಪಿಯನ್ ಒಕ್ಕೂಟ ಸೇರಿತು, 2007ರ ಡಿಸೆಂಬರ್‌ನಲ್ಲಿ ಇಟಲಿಯ ಗಡಿಯ ತಪಾಸಣೆ ನಿಂತಿತು. ಟ್ರಿಯೆಸ್ತೆ ಮತ್ತೆ ಅರ್ಧ ಗಂಟೆಯ ದಾರಿಯ ಪಟ್ಟಣವಾಗಿದೆ. ನೀರಿನ ಕಷ್ಟವೂ ಅದಕ್ಕೂ ಮೊದಲೇ ತೀರಿತ್ತು. ಬ್ರೆಸ್ತೊವಿತ್ಸಾ ಬಳಿಯ ಕ್ಲಾರಿಚಿಯಲ್ಲಿ ಆಳದ ಅಂತರ್ಜಲವನ್ನು ಎತ್ತಿ ಕೊಳವೆಗಳಲ್ಲಿ ಕ್ರಾಸ್‌ನ ಹಳ್ಳಿಗಳಿಗೆ ಹಂಚುತ್ತಾರೆ. ಶತಮಾನಗಳ ಕಾಲ ಊರಿನವರ ಕೈಗೆ ಸಿಗದೆ ಕಾಲಡಿಯಲ್ಲೇ ಹರಿಯುತ್ತಿದ್ದ ನೀರು ಅದೇ. ಶ್ತಿರ್ನಾಗಳು ಈಗ ಅಂಗಳದ ಅಲಂಕಾರವಾಗಿವೆ, ಕೆಲವು ಮನೆಗಳಲ್ಲಿ ತೋಟಕ್ಕೆ ನೀರುಣಿಸುತ್ತವೆ.

2022ರ ಜುಲೈನಲ್ಲಿ ಕ್ರಾಸ್‌ನ ಪಶ್ಚಿಮ ಭಾಗದಲ್ಲಿ ಹೊತ್ತಿದ ಕಾಡ್ಗಿಚ್ಚು ಸ್ವತಂತ್ರ ಸ್ಲೊವೇನಿಯ ಕಂಡ ಅತಿ ದೊಡ್ಡ ಬೆಂಕಿ. 3,500 ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು, ಹಲವು ಹಳ್ಳಿಗಳನ್ನು ಖಾಲಿ ಮಾಡಿಸಬೇಕಾಯಿತು. ಮೊದಲನೆಯ ಮಹಾಯುದ್ಧದಿಂದ ಮಣ್ಣಿನಲ್ಲಿ ಹೂತು ಉಳಿದಿದ್ದ ಸಿಡಿಗುಂಡುಗಳು ಶಾಖಕ್ಕೆ ಸಿಡಿಯುತ್ತಿದ್ದುದರಿಂದ ಬೆಂಕಿ ಆರಿಸುವವರು ಎಷ್ಟೋ ಕಡೆ ಹತ್ತಿರ ಹೋಗಲಾರದೆ ನಿಂತರು. ಹತ್ತೊಂಬತ್ತನೆಯ ಶತಮಾನದಲ್ಲಿ ಬೋಳುನೆಲವನ್ನು ಕಾಪಾಡಿದ ಪೈನ್ ಮರಗಳ ಅಂಟು ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸುಟ್ಟ ಜಾಗದಲ್ಲಿ ಎಲೆಯುದುರುವ ಸ್ಥಳೀಯ ಮರಗಳಿಗೆ ಆದ್ಯತೆ ಕೊಡಬೇಕು, ಬಿಟ್ಟುಹೋದ ಹುಲ್ಲುಗಾವಲುಗಳಲ್ಲಿ ಮತ್ತೆ ಕುರಿ ದನ ಮೇಯಿಸಬೇಕು, ಪೊದೆ ತುಂಬಿದ ಹಳೆಯ ಕಲ್ಲುಗೋಡೆಗಳ ಸಾಲನ್ನು ತೆರವು ಮಾಡಿ ಬೆಂಕಿಯ ಓಟ ತಡೆಯಬೇಕು ಎಂಬ ಮಾತುಗಳು ಕ್ರಾಸ್‌ನಲ್ಲಿ ಈಗ ಬಲವಾಗಿ ಕೇಳಿಬರುತ್ತಿವೆ.